ಅಂತರಗಂಗೆ ಮಾರಾಟಕ್ಕಿದೆ

ಆಗಸ್ಟ್ 17, 2025, ಭಾನುವಾರ

ಪಶು ಆಹಾರದ ಕಂಪನಿಯೋರು ಜನವರಿಯಲ್ಲಿ ಕೊಟ್ಟ ಡೈರಿ ಇದು. ಏಳೂವರೆ ತಿಂಗಳು ಬೀರು ಮೇಲೆ ಬಿದ್ದಿತ್ತು. ಇವತ್ತು ಧೂಳು ಕೊಡವಿ ತಗೊಂಡೆ. ಮನಸ್ಸಿನಲ್ಲಿರೋದನ್ನ ಯಾರ ಹತ್ತಿರ ಹೇಳ್ಕೊಂಡರೂ ಸಂಜೆ ಹೊತ್ತಿಗೆ ಇಡೀ ವಕ್ಕಲೇರಿಗೆ ಗೊತ್ತಾಗುತ್ತೆ. ಕಾಗದಕ್ಕಾದರೂ ಬಾಯಿಲ್ಲ.

ಇವರ ಗಂಟಲಲ್ಲಿರೋದು ಅದೇ ಅಂತ ರಿಪೋರ್ಟ್ ಬಂತು. ಮೂರು ತಿಂಗಳಿಂದ ದನಿ ಒಡೆದಿತ್ತು. ನಾನು ದಡ್ಡಿ, ಶುಂಠಿ ಕಷಾಯ ಕಾಯಿಸಿ ಕೊಟ್ಕೊಂಡು ಕೂತಿದ್ದೆ. ಧ್ವನಿಪೆಟ್ಟಿಗೆ ಪೂರ್ತಿ ತೆಗೀಬೇಕಂತೆ. ಸೆಪ್ಟೆಂಬರ್ ಒಂಬತ್ತಕ್ಕೆ ಆಪರೇಷನ್. ಆಮೇಲೆ ಉಸಿರಾಡೋದು ಕತ್ತಿನಲ್ಲಿ ಮಾಡೋ ತೂತಿನಿಂದ. ಮಾತು ಇರಲ್ಲ. ಮುಂದೆ ಎಂದಾದರೂ ಒಂದು ಯಂತ್ರ ಇಟ್ಕೊಂಡು ಮಾತಾಡಬಹುದು ಅಂದರು ಡಾಕ್ಟರು. ಯಂತ್ರದ ದನಿ ಯಾರಿಗೆ ಬೇಕು?

ಇವರು ಕೇಳಿದ್ದು ಒಂದೇ ಪ್ರಶ್ನೆ. "ಸಮುದ್ರಕ್ಕೆ ಹೋಗಬಹುದಾ ಡಾಕ್ಟ್ರೇ?"

"ಸ್ನಾನಾನೇ ಹುಷಾರಾಗಿ ಮಾಡ್ಬೇಕು. ಆ ತೂತಿಗೆ ಒಂದು ಲೋಟ ನೀರು ಹೋದ್ರೂ ಮುಳುಗಿದ ಹಾಗೇನೇ" ಅಂದರು ಅವರು.

ಬಸ್ಸು ಟಮಕ ದಾಟಿದಮೇಲೆ ಇವರು, "ದೋಣಿ ಮಾರಿಬಿಡೋಣ ಗಂಗಾ. ಮಾತಿರುವಾಗಲೇ ಮಾರ್ಬೇಕು. ತಗೊಳ್ಳೋರಿಗೆ ಎಲ್ಲಾನೂ ನನ್ನ ಬಾಯಿಂದಲೇ ಹೇಳ್ಬೇಕು" ಅಂದರು.

ಆ ದರಿದ್ರ ದೋಣಿ ಮನೆಯಿಂದ ಯಾವಾಗ ತೊಲಗುತ್ತೋ ಅಂತ ಆರು ವರ್ಷದಿಂದ ಕಾದಿದ್ದೆ. ಮಾತು ಕೇಳಿದಾಗ ಖುಷಿ ಮಾತ್ರ ಆಗಲಿಲ್ಲ.

ಆಗಸ್ಟ್ 19, ಮಂಗಳವಾರ

ಬೆಳಿಗ್ಗೆ ಡೇರಿಯಲ್ಲಿ ಆಂಜಿನಪ್ಪನ ಹಾಲಿಗೆ ಲ್ಯಾಕ್ಟೋಮೀಟರ್ ಬಿಟ್ಟರೆ ಇಪ್ಪತ್ತೆರಡಕ್ಕೆ ಇಳೀತು. "ಏಮ್ ಚೇಯಾಲಕ್ಕಾ, ಏನ್ಮಾಡ್ಲಿ, ಹಸು ನೀರು ಜಾಸ್ತಿ ಕುಡೀತು" ಅಂತಾನೆ. "ಹಸು ಕುಡೀತೋ ಕ್ಯಾನು ಕುಡೀತೋ?" ಅಂತ ಎಲ್ಲರ ಮುಂದೇನೇ ಕೇಳಿದೆ. ಸಾಲಲ್ಲಿ ನಿಂತಿದ್ದೋರು ನಕ್ಕರು. ಹದಿನಾಲ್ಕು ವರ್ಷದಿಂದ ಇಲ್ಲಿ ಹಾಲು ಟೆಸ್ಟ್ ಮಾಡ್ತಿದ್ದೀನಿ, ನನ್ನ ಹತ್ತಿರ ಎರಡು ಡಿಗ್ರಿ ಸುಳ್ಳೂ ನಡೆಯಲ್ಲ. ಅವನ ಮುಖ ಕಪ್ಪಿಟ್ಟಿತು. ಆಗಲಿ, ಬುದ್ಧಿ ಬರುತ್ತೆ.

ಸಂಜೆ ಜಾಹೀರಾತು ಬರೆಯೋಕೆ ಕೂತ್ವಿ. ಇವರು ಹೇಳೋದು, ಮಾನಸ ಮೊಬೈಲಿನಲ್ಲಿ ಇಂಗ್ಲಿಷಿಗೆ ಹಾಕೋದು. ಮಗಳು ಬಿ.ಎಡ್. ಮಾಡ್ತಿರೋದು ಇದಕ್ಕಾದರೂ ಉಪಯೋಗಕ್ಕೆ ಬಂತು.

ಇಪ್ಪತ್ತಾರು ಅಡಿ ಹಾಯಿದೋಣಿ. ಫೈಬರಿನದು. ನಾಲ್ಕು ಜನ ಮಲಗೋ ಜಾಗ, ಒಲೆ, ಸಣ್ಣ ಡೀಸೆಲ್ ಇಂಜಿನ್, ಮೂರು ಜೊತೆ ಹಾಯಿ. ಹೆಸರು ಅಂತರಗಂಗೆ. ಕೋಲಾರದ ಬೆಟ್ಟದ ನೀರಿನ ಹೆಸರೋ, ಹೆಂಡತಿ ಹೆಸರೋ ಅಂತ ಊರೋರೆಲ್ಲ ಛೇಡಿಸಿದ್ದಾಗಿದೆ. ನೇವಿಯಲ್ಲಿ ಹದಿನೈದು ವರ್ಷ ಇದ್ದು ಬಂದು, ನರಸಾಪುರದ ಫ್ಯಾಕ್ಟರಿಯಲ್ಲಿ ಸೆಕ್ಯೂರಿಟಿ ಸೂಪರ್‌ವೈಸರ್ ಆದಮೇಲೂ ಇವರಿಗೆ ಸಮುದ್ರದ ಹುಚ್ಚು ಬಿಡಲಿಲ್ಲ. ನೇವಿ ಜೊತೆಗಾರ, ಟೇಕಲ್ಲಿನ ಕದಿರೇಶನ ಜೊತೆ ಸೇರಿ ಕೊಚ್ಚಿಯಲ್ಲಿ ಒಬ್ಬ ಮುದುಕ ಫಾರಿನ್ನೋನ ಹತ್ತಿರ ತಗೊಂಡರು. ಪ್ರತಿವರ್ಷ ಮಳೆಗಾಲ ಮುಗಿದ ತಕ್ಷಣ ಹದಿನೈದು ದಿನ ರಜ, ಇಬ್ಬರೂ ಗೋವಾಕ್ಕೆ. ಎರಡು ಸಾವಿರದ ಹತ್ತೊಂಬತ್ತರವರೆಗೆ.

ಆ ವರ್ಷ ಬಂಡೆಗೆ ಹೊಡೆಸಿದರು. ಕದಿರೇಶನ ಬಲಗಾಲು ಬಂಡೆಗೂ ದೋಣಿಗೂ ಮಧ್ಯೆ ಸಿಕ್ಕಿ, ಮೊಣಕಾಲಿಂದ ಕೆಳಗೆ ತೆಗೀಬೇಕಾಯಿತು. ಆ ಬೆಳಗಿನ ಜಾವ ಚುಕ್ಕಾಣಿ ಹಿಡಿದಿದ್ದೋರು ಇವರು. ಅವತ್ತಿಂದ ಇಬ್ಬರಿಗೂ ಮಾತಿಲ್ಲ. ಉಮಾಶಂಕರ್ ಕುಡಿದಿದ್ದ ಅಂತ ಮಾಲೂರು ತಾಲ್ಲೂಕೆಲ್ಲ ಹೇಳ್ಕೊಂಡು ಬಂದ ಕದಿರೇಶ. ಇವರು ಕುಡಿಯಲ್ಲ. ಆದರೆ ಒಂದು ಮಾತೂ ಎದುರಾಡಲಿಲ್ಲ. ದೋಣಿ ರಿಪೇರಿ ಮಾಡಿಸಿ ಲಾರಿಯಲ್ಲಿ ತಂದು, ನಮ್ಮ ಮಾವ ಕಟ್ಟಿಸಿದ್ದ ರೇಷ್ಮೆ ಹುಳುಮನೆಯ ಮುಂದಿನ ಗೋಡೆ ಒಡೆದು ಒಳಗೆ ನಿಲ್ಲಿಸಿಬಿಟ್ಟರು. ಆರು ವರ್ಷದಿಂದ ಪ್ರತಿ ಭಾನುವಾರ ತೊಳೆಯೋದು, ಎಣ್ಣೆ ಹಾಕೋದು, ಮರಕ್ಕೆ ವಾರ್ನಿಷ್ ಬಳಿಯೋದು. ನನಗೂ ಇಷ್ಟು ಉಪಚಾರ ಮಾಡಿಲ್ಲ ಪುಣ್ಯಾತ್ಮ.

ಜಾಹೀರಾತಿನ ಕೊನೆಗೆ ಇವರು ಹೇಳಿದ್ದು: "ಒಂದು ಸಲ ಬಂಡೆಗೆ ತಗುಲಿದೆ. ದೋಣಿಯ ದೋಷವಲ್ಲ. ನಡೆಸಿದವನು ನಿದ್ದೆ ಮಾಡಿದ್ದ."

"ಅಪ್ಪ, ಅದೆಲ್ಲ ಯಾಕೆ?" ಅಂದಳು ಮಾನಸ.

"ಹಾಕು" ಅಂದರು.

ಇವರು ನಿದ್ದೆ ಮಾಡಿದ್ದರು ಅಂತ ನನಗೂ ಗೊತ್ತಿರಲಿಲ್ಲ. ಆರು ವರ್ಷದಲ್ಲಿ ಇದೇ ಮೊದಲು ಬಾಯಿಬಿಟ್ಟಿದ್ದು. ನಿಜವಾಗ್ಲೂ ನಿದ್ದೆ ಬಂದಿತ್ತಾ ಅಂತ ಆಮೇಲೆ ಕೇಳಿದೆ. "ಬಂದಿರ್ಬೇಕು. ಕಂಪಾಸಿನ ಮುಳ್ಳು ಹೇಳಿದ ದಿಕ್ಕಿಗೇ ಹಿಡಿದಿದ್ದೆ ಅಂತ ನನ್ನ ನೆನಪು. ಮುಳ್ಳು ಸುಳ್ಳು ಹೇಳಲ್ವಲ್ಲ. ಅಂದಮೇಲೆ ನಾನೇ ತೂಕಡಿಸಿರ್ಬೇಕು."

ಆಗಸ್ಟ್ 24, ಭಾನುವಾರ

ಮುಳಬಾಗಿಲು ಹೈವೇ ಪಕ್ಕ ಫ್ಯಾಮಿಲಿ ರೆಸ್ಟೋರೆಂಟ್ ಇಟ್ಟಿರೋನೊಬ್ಬ ಕಾರಲ್ಲಿ ಬಂದಿದ್ದ. ಇವರ ದನಿ ಮಧ್ಯಾಹ್ನದ ಹೊತ್ತಿಗೆ ಪೂರಾ ಕುಸಿಯುತ್ತೆ. ಅದಕ್ಕೆ ಇವರು ಪಿಸುಗುಟ್ಟೋದು, ನಾನು ಪಕ್ಕದಲ್ಲಿ ನಿಂತು ಜೋರಾಗಿ ಹೇಳೋದು. ಇದು ಹಾಯಿ ಏರಿಸೋ ಹಗ್ಗ, ಇದು ಗಾಳಿ ಜಾಸ್ತಿಯಾದಾಗ ಹಾಯಿ ಚಿಕ್ಕದು ಮಾಡೋ ಹಗ್ಗ, ಅಡಿಯಲ್ಲಿ ಇರೋದು ಸೀಸದ ತೂಕ, ಅದಿರೋದ್ರಿಂದ ದೋಣಿ ಮಗುಚಲ್ಲ. ಹೇಳಿ ಹೇಳಿ ನನಗೂ ಬಾಯಿಪಾಠ ಆಗಿದೆ. ಇಷ್ಟು ವರ್ಷ ಈ ಏಣಿ ಹತ್ತಿರಲಿಲ್ಲ ನಾನು.

ಎಲ್ಲ ಕೇಳಿದಮೇಲೆ ಆ ಮನುಷ್ಯ, "ಹಗ್ಗಗಿಗ್ಗ ಏನೂ ಬೇಡಮ್ಮ. ಗೇಟ್ ಮುಂದೆ ನಿಲ್ಲಿಸಿ ಸೀರಿಯಲ್ ಸೆಟ್ ಹಾಕಿಸ್ತೀನಿ. ಮೇಲೆ ಎರಡು ಟೇಬಲ್. ಜನ ಫೋಟೋ ತಗೋತಾರೆ" ಅಂದ.

ಇವರು ಪಿಸುಗುಟ್ಟೋಕೆ ಮುಂಚೆ ನಾನೇ "ಕೊಡಲ್ಲ" ಅಂದೆ. "ಯಾಕಮ್ಮ?" ಅಂದ. "ಕೊಡಲ್ಲ ಅಂದ್ರೆ ಕೊಡಲ್ಲ ಕಣಪ್ಪ, ಕಾಫಿ ಕುಡ್ಕೊಂಡು ಹೊರಡು" ಅಂದೆ. ಯಾಕೆ ಹಾಗಂದೆನೋ. ತೊಲಗಲಿ ಅಂತಿದ್ದೋಳು ನಾನೇ ತಾನೇ.

ಆಗಸ್ಟ್ 27, ಬುಧವಾರ

ಗಣೇಶನ ಹಬ್ಬ. ಕಡುಬು ಮಾಡಿದೆ. ಇವರಿಗೆ ನುಂಗೋಕಾಗಲಿಲ್ಲ. ನಾವೂ ತಿನ್ನಲಿಲ್ಲ.

ಆಗಸ್ಟ್ 31, ಭಾನುವಾರ

ಬರೆಯೋಕೆ ಮನಸ್ಸಿಲ್ಲ. ಬರೀಲೇಬೇಕು.

ಇವತ್ತು ಶ್ವೇತ ಅನ್ನೋ ಹುಡುಗಿ ಬಂದಿದ್ದಳು. ಮಾಲೂರಿನ ಹೆಂಚಿನ ಫ್ಯಾಕ್ಟರಿ ಮೇಸ್ತ್ರಿ ಮಗಳು, ದೊಡ್ಡ ಸರಕು ಹಡಗಿನಲ್ಲಿ ಆಫೀಸರಂತೆ. ಮೂವತ್ತು ವರ್ಷ ಇರಬಹುದು. ಚಪ್ಪಲಿ ಕೆಳಗೆ ಬಿಟ್ಟು ಏಣಿ ಹತ್ತಿದಳು. ಅದನ್ನ ನೋಡಿಯೇ ಇವರ ಮುಖ ಅರಳಿತು. ಎರಡು ಗಂಟೆ ಹೊತ್ತು ಇಬ್ಬರೂ ದೋಣಿಯ ಹೊಟ್ಟೆಯೊಳಗೆಲ್ಲ ತೂರಿದರು. ಪ್ರತಿ ಮೊಳೆ, ಪ್ರತಿ ಪೈಪು. "ಹೊಸ ದೋಣೀನೂ ಇಷ್ಟು ಚೆನ್ನಾಗಿಟ್ಟಿರಲ್ಲ ಸರ್" ಅಂದಳು. ತಗೊಂಡು ಏನು ಮಾಡ್ತೀಯಮ್ಮ ಅಂದಿದ್ದಕ್ಕೆ, "ರಜದಲ್ಲಿ ಲಕ್ಷದ್ವೀಪಕ್ಕೆ ಹೋಗ್ತೀನಿ" ಅಂದಳು. ನಾವು ಬಂಗಾರಪೇಟೆಗೆ ಹೋಗಿಬರ್ತೀವಿ ಅಂದಂಗೆ.

ಕೊನೆಗೆ ಕಂಪಾಸಿನ ಹತ್ತಿರ ಬಂದಳು. ಅದರ ಮೇಲೆ ಟವೆಲ್ ಸುತ್ತಿ ಹುರಿಯಲ್ಲಿ ಬಿಗಿದಿದ್ದಾರೆ ಇವರು. ದೋಣಿಯಲ್ಲಿ ಇವರು ಆರು ವರ್ಷದಿಂದ ಮುಟ್ಟದೇ ಇರೋದು ಅದೊಂದನ್ನೇ. "ಅದು ಸರಿ ಇದೆ" ಅಂದರು. "ನೋಡದೆ ಹೇಗೆ ಸರ್ ತಗೊಳ್ಳಲಿ?" ಅಂದಳು. ಇವರು ಏಣಿ ಇಳಿದು ಹಿತ್ತಲಿಗೆ ಹೋದರು. ನಾನೇ ಹುರಿ ಬಿಚ್ಚಿದೆ.

ಅವಳು ಬಗ್ಗಿ ನೋಡಿದಳು. ಮೊಬೈಲು ಪಕ್ಕಕ್ಕೆ ಹಿಡಿದಳು, ಮತ್ತೆ ನೋಡಿದಳು. "ಅಮ್ಮ, ಈ ಹುಳುಮನೆ ಬಾಗಿಲು ಯಾವ ದಿಕ್ಕು?"

"ಪೂರ್ವ. ನಮ್ಮ ಮಾವ ಪುರೋಹಿತರನ್ನ ಕರೆಸಿ, ಕಡ್ಡಿ ನೆಟ್ಟು ನೆರಳು ನೋಡಿಸಿ ಇಡಿಸಿದ್ದು. ಒಂದು ಕೂದಲೆಳೆ ಆಚೀಚೆ ಇಲ್ಲ."

"ದೋಣಿ ಮೂತಿ ನೇರ ಬಾಗಿಲಿಗೇ ಇದೆ. ಇದು ಹತ್ತೊಂಬತ್ತು ಡಿಗ್ರಿ ಆಚೆ ತೋರಿಸ್ತಿದೆ ನೋಡಿ. ಇಷ್ಟು ತಪ್ಪು ತಾನಾಗೇ ಬರಲ್ಲ. ಹತ್ತಿರದಲ್ಲೇ ಎಲ್ಲೋ ಕಬ್ಬಿಣ ಸೇರಿದೆ. ಯಾರೋ ಏನೋ ಇಟ್ಟಿದ್ದಾರೆ."

ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಅಂತಾರಲ್ಲ, ಹಾಗೆ ನನ್ನ ಕೈ ತಾಳಿಗೆ ಹೋಯಿತು.

"ಇದರಿಂದ... ದೋಣಿ ಬಂಡೆಗೆ ಹೊಡೆಯುತ್ತಾ?" ಅಂದೆ.

"ಮಂಜು ಮುಚ್ಚಿ ದಡ ಕಾಣದೇ ಇದ್ರೆ ಖಂಡಿತ. ಹತ್ತೊಂಬತ್ತು ಡಿಗ್ರಿ ಅಂದ್ರೆ ಗಂಟೆಗೆ ಒಂದೂವರೆ ಎರಡು ಕಿಲೋಮೀಟರ್ ದಡದ ಕಡೆ ಸರಿದುಹೋಗ್ತೀವಿ. ಗೊತ್ತೇ ಆಗಲ್ಲ." ಆಮೇಲೆ ಅವಳಿಗೂ ಹೊಳೀತು. "ಅಯ್ಯೋ ಅಮ್ಮ, ಸರ್ ಜಾಹೀರಾತಲ್ಲಿ ಹಾಕಿದ್ದಾರಲ್ಲ... ಅವರು ನಿದ್ದೆನೇ ಮಾಡಿರ್ಲಿಕ್ಕಿಲ್ಲ! ಬನ್ನಿ, ಈಗಲೇ ಹೇಳೋಣ."

"ನಾನು ಹೇಳ್ತೀನಿ" ಅಂದೆ. "ಈಗ ಸುಸ್ತಾಗಿದ್ದಾರೆ. ನಾನೇ ನಿಧಾನಕ್ಕೆ ಹೇಳ್ತೀನಿ, ನೀನು ಹೊರಡಮ್ಮ."

ಅವಳು ನಂಬಿದಳು. ದೋಣಿ ತಗೊಳ್ತೀನಿ, ಸೆಪ್ಟೆಂಬರ್ ಕೊನೆಗೆ ಲಾರಿ ತರ್ತೀನಿ ಅಂತ ಇವರ ಕಾಲಿಗೆ ನಮಸ್ಕಾರ ಮಾಡಿ ಹೋದಳು.

ಸೆಪ್ಟೆಂಬರ್ 1, ಸೋಮವಾರ

ಇವರು ಮಧ್ಯಾಹ್ನ ಮಲಗಿದ್ದಾಗ ಹೋಗಿ ಕೈ ಹಾಕಿದೆ. ಕಂಪಾಸು ಕೂರಿಸಿರೋ ಹಲಗೆಯ ಹಿಂದೆ ಗೂಡಿನಂಥ ಜಾಗ. ನಾನು ಇಟ್ಟಲ್ಲೇ ಇದೆ. ಕುದುರೆ ಲಾಳ. ಏಳು ಮೊಳೆ, ಕಪ್ಪು ದಾರ. ತುಕ್ಕು ಹಿಡಿದಿದೆ.

ಹತ್ತೊಂಬತ್ತರ ಆಯುಧಪೂಜೆಗೆ ನಾನೂ ಮಾನಸನೂ ಕೊಚ್ಚಿಗೆ ಹೋಗಿದ್ವಿ. ಊರೋರ ಕಣ್ಣೆಲ್ಲ ಆ ದೋಣಿ ಮೇಲಿತ್ತು. ರಾಗಿ ಹೊಲದೋನಿಗೆ ಹಡಗು ಬೇಕಾ ಅಂತ ಆಡ್ಕೊಳ್ಳೋರು. ನಾನು ಶ್ರೀನಿವಾಸಪುರದ ಕಡೆ ದೃಷ್ಟಿ ತೆಗೆಯೋರ ಹತ್ತಿರ ಹೋಗಿ, ಕರೀ ಕುದುರೆಯ ಲಾಳ ಮಂತ್ರಿಸಿ ತಂದಿದ್ದೆ. "ಗಾಡಿ ನಡೆಸೋನ ಕಣ್ಣೆದುರು ಇಡು. ಯಾರಿಗೂ ಹೇಳಬೇಡ, ಹೇಳಿದ್ರೆ ಫಲ ಹೋಗುತ್ತೆ" ಅಂದಿದ್ದರು. ಬೂದುಗುಂಬಳಕಾಯಿ ಒಡೆದು ಇವರು ಕೈ ತೊಳೆಯೋಕೆ ಹೋದಾಗ ಇಟ್ಟೆ. ಮಾರನೇ ದಿನ ಹೊರಟರು. ಐದನೇ ದಿನ ಬಂಡೆ.

ಇವರ ಪ್ರಾಣ ಉಳಿದಿದ್ದು ಆ ಲಾಳದಿಂದ ಅಂತ ನಂಬಿದ್ದೆ ನಾನು. ಕಾಯಿ, ಸೀರೆ, ಕೋಳಿ ತಗೊಂಡು ಮತ್ತೆ ಅಲ್ಲಿಗೇ ಹೋಗಿ ಹರಕೆ ಒಪ್ಪಿಸಿ ಬಂದೆ! ಥೂ ನನ್ನ ಜನ್ಮಕ್ಕೆ.

ಸೆಪ್ಟೆಂಬರ್ 4, ಗುರುವಾರ

ಹೇಳಬೇಕು. ಮೂರು ದಿನದಿಂದ ಲಾಳ ಹಳೇ ಸೀರೆ ತುಂಡಲ್ಲಿ ಸುತ್ತಿ ರಾಗಿ ಡಬ್ಬದ ಹಿಂದೆ ಇಟ್ಟಿದ್ದೀನಿ. ಬೆಳಿಗ್ಗೆ ಕಾಫಿ ಕೊಡುವಾಗ ಹೇಳೋಣ ಅಂದ್ಕೋತೀನಿ, ಮಾನಸ ಇರ್ತಾಳೆ. ಸಂಜೆ ಹೇಳೋಣ ಅಂದ್ಕೋತೀನಿ, ಇವರಿಗೆ ನೋವು. ಸುಳ್ಳು. ಇವೆಲ್ಲ ನೆಪ. ಹೇಳಿದರೆ ಇವರು ಕೂಗ್ತಾರೆ. ಮದುವೆಯಾದ ಇಪ್ಪತ್ತೇಳು ವರ್ಷದಲ್ಲಿ ಇವರು ನನ್ನ ಮೇಲೆ ಕೂಗಿರೋದು ಎರಡು ಸಲ. ಎರಡು ಸಲಾನೂ ಮೈಯೆಲ್ಲ ತಣ್ಣಗಾಗಿತ್ತು ನನಗೆ. ಉಳಿದಿರೋ ಐದು ದಿನದ ದನೀನ ನನ್ನ ಬೈಯೋಕೆ ಖರ್ಚು ಮಾಡಿಬಿಟ್ಟರೆ? ಕೊನೇ ಮಾತು ಅದೇ ಆಗಿಬಿಟ್ಟರೆ?

ಆಪರೇಷನ್ ಆಗಲಿ. ಆಮೇಲೆ ಹೇಳ್ತೀನಿ.

ಆಂಜಿನಪ್ಪನ ಹಾಲು ಇವತ್ತೂ ತೆಳ್ಳಗಿತ್ತು. ಅವನು ನನ್ನ ಮುಖ ನೋಡ್ತಿದ್ದ. ಕ್ಯಾನಿಗೆ ಸುರ್ಕೋ ಹೋಗು ಅಂದೆ.

ಸೆಪ್ಟೆಂಬರ್ 6, ಶನಿವಾರ

ಶ್ವೇತ ಹಡಗಿಗೆ ಹೋಗಿದ್ದಾಳೆ, ತಿಂಗಳ ಕೊನೆಗೇ ಬರೋದು. ಅದಕ್ಕೆ ಇವರು ದೋಣಿಯ ವಿಷಯ ಎಲ್ಲಾನೂ ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಕಳಿಸ್ತೀನಿ ಅಂದರು. ಬೆಳಿಗ್ಗೆ ದನಿ ಸ್ವಲ್ಪ ಚೆನ್ನಾಗಿರುತ್ತೆ. ಚುಕ್ಕಾಣಿ ಪಕ್ಕ ಕೂತರು. ಮಾನಸ ಮೊಬೈಲು ಹಿಡಿದಳು. ನಾನು ಬಿಸಿನೀರಿನ ಫ್ಲಾಸ್ಕ್ ಹಿಡಿದು ನಿಂತೆ.

ನಲವತ್ತು ನಿಮಿಷ ಮಾತಾಡಿದರು. ಇಂಜಿನ್ನು ಬೆಳಿಗ್ಗೆ ಹೊತ್ತು ಹಟ ಮಾಡುತ್ತೆ, ಎರಡು ಸಲ ಪಂಪ್ ಮಾಡ್ಬೇಕು. ಎಡಗಡೆ ಕಿಟಕಿ ಮಳೆಯಲ್ಲಿ ಒಂದೊಂದು ಹನಿ ಬಿಡುತ್ತೆ, ಬಟ್ಟೆ ಇಡು ಮಗಳೇ. ಲಂಗರು ಹಾಕುವಾಗ ಅವಸರ ಮಾಡ್ಬೇಡ. ಮಧ್ಯೆ ಕೆಮ್ಮು, ನೀರು, ಮತ್ತೆ ಮಾತು. ಎಲ್ಲ ಮುಗೀತು ಅಂದ್ಕೊಂಡೆ.

ಇವರು ಟವೆಲ್ ಬಿಚ್ಚಿದ ಕಂಪಾಸನ್ನೇ ನೋಡಿಕೊಂಡು ಹೇಳಿದರು: "ಇನ್ನೊಂದು ವಿಷಯ ಶ್ವೇತ. ಇದು ಒಳ್ಳೇ ದೋಣಿ. ಇದಕ್ಕೆ ನಾನು ಅನ್ಯಾಯ ಮಾಡಿದೆ. ಕದಿರ ದಡ ಹತ್ತಿರ ಬಂದಂಗಿದೆ ಅಂದ. ನಾನು ಮುಳ್ಳು ನೋಡೋ ಅಂದೆ, ಅವನು ಮಲಗೋಕೆ ಒಳಗೆ ಹೋದ. ಆಮೇಲೆ ನನಗೆ ನಿದ್ದೆ ಹತ್ತಿರ್ಬೇಕು. ಒಂದು ಕಾಲು ಹೋಯ್ತು. ನೀನು ನಿದ್ದೆ ಬಂದ್ರೆ ಜೊತೆಯೋರನ್ನ ಎಬ್ಬಿಸು. ನಾಚ್ಕೋಬೇಡ."

ನಾನು ಎರಡಡಿ ದೂರದಲ್ಲಿದ್ದೆ. ಎರಡೇ ಅಡಿ. ರೀ, ಅದು ನೀವಲ್ಲ, ನಾನು ಅಂತ ನಾಲ್ಕು ಮಾತು ಸಾಕಾಗಿತ್ತು. ಬಾಯಿ ತೆರೆದೆ. "ನೀರು ಕುಡೀರಿ" ಅಂದೆ.

ಲಾಳ ತೆಗೆದಮೇಲೆ ಕಂಪಾಸು ಬಾಗಿಲ ಕಡೆಗೆ ಸರಿಯಾಗಿ ಪೂರ್ವ ಅಂತಲೇ ತೋರಿಸ್ತಿತ್ತು. ಇವರು ಅದನ್ನ ನೋಡಿದರು, ಸರಿಯಾಗೇ ಇದೆಯಲ್ಲ ಅನ್ನೋ ಹಾಗೆ ತಲೆಯಾಡಿಸಿದರು. ನಾನೇ ಸಾಕ್ಷೀನೂ ಅಳಿಸಿಬಿಟ್ಟೆ.

ಸೆಪ್ಟೆಂಬರ್ 7, ಭಾನುವಾರ

ನಾಳೆ ಅಡ್ಮಿಟ್. ಬಟ್ಟೆ ಮಡಚ್ತಿದ್ದೆ. ಪಡಸಾಲೆಯಲ್ಲಿ ಇವರು ಯಾರಿಗೋ ಫೋನ್ ಮಾಡಿದರು. "ಕದಿರಾ" ಅಂದಿದ್ದು ಕೇಳಿಸ್ತು. ಅಷ್ಟೇ. ಹೋಗಿ ನೋಡಿದರೆ ಫೋನು ತೊಡೆ ಮೇಲಿಟ್ಕೊಂಡು ಕೂತಿದ್ದರು.

"ಏನಂದ್ರು?"

"ಲೈನ್ ಕಟ್ಟಾಯ್ತು."

"ಇನ್ನೊಂದ್ಸಲ ಮಾಡ್ರಿ."

"ಬೇಡ ಬಿಡು."

ಸೆಪ್ಟೆಂಬರ್ 9, ಮಂಗಳವಾರ

ಬೆಳಿಗ್ಗೆ ಏಳೂವರೆಗೆ ಒಳಗೆ ಕರ್ಕೊಂಡು ಹೋದರು. ಬಾಗಿಲಲ್ಲಿ ತಿರುಗಿ "ತಿಂಡಿ ತಿನ್ನು ಹೋಗು" ಅಂದರು. ಮುಗೀತು. ಅದೇ ಕೊನೇದು.

ಸೆಪ್ಟೆಂಬರ್ 19, ಶುಕ್ರವಾರ

ನಿನ್ನೆ ಮನೆಗೆ ಬಂದ್ವಿ. ಮೂಗಲ್ಲಿ ಟ್ಯೂಬು, ಕತ್ತಲ್ಲಿ ತೂತು. ಅದಕ್ಕೆ ಒದ್ದೆ ಬಟ್ಟೆ ಕಟ್ಟಬೇಕು, ಕಫ ಬಂದರೆ ಒರೆಸಬೇಕು, ನರ್ಸು ಎಲ್ಲ ಕಲಿಸಿಕೊಟ್ಟಿದ್ದಾಳೆ. ನೋಡೋಕೆ ಬಂದೋರು ಇವರ ಮುಖ ನೋಡಲ್ಲ, ಕತ್ತು ನೋಡ್ತಾರೆ. ಮಾತಾಡೋಕೆ ಸ್ಲೇಟು, ಬಳಪ. ಬೇಕಾದಾಗ ಮಂಚದ ಕಂಬಿ ಬಡೀತಾರೆ. ಒಂದು ಸಲ ಬಡಿದರೆ ನಾನು, ಎರಡು ಸಲ ಬಡಿದರೆ ಮಾನಸ.

ಸಂಜೆ ಶ್ವೇತನ ಫೋನು. ರೆಕಾರ್ಡಿಂಗ್ ಕೇಳಿದ್ದಾಳೆ. "ಅಮ್ಮ, ನೀವು ಸರ್‌ಗೆ ಹೇಳಲೇ ಇಲ್ವಾ?" ಅಂದಳು. ಬೈಯಲಿಲ್ಲ ಹುಡುಗಿ. ಆದರೆ ಆ "ಇಲ್ವಾ" ಇನ್ನೂ ಕಿವಿಯಲ್ಲಿದೆ. ಅವಳಿಗೂ ಗೊತ್ತಾಗಿದೆ ಇಟ್ಟೋಳು ಯಾರು ಅಂತ.

ಸೆಪ್ಟೆಂಬರ್ 21, ಭಾನುವಾರ

ಮಹಾಲಯ ಅಮಾವಾಸ್ಯೆ. ಹಿರಿಯರಿಗೆ ಎಡೆ ಇಟ್ಟಮೇಲೆ ಮಾನಸನ್ನ ಅಂಗಡಿಗೆ ಕಳಿಸಿ, ಲಾಳ ತಂದು ಇವರ ಹಾಸಿಗೆ ಮೇಲಿಟ್ಟೆ. ಎಲ್ಲ ಹೇಳಿದೆ. ಶ್ರೀನಿವಾಸಪುರ, ಕರೀ ಕುದುರೆ, ಕುಂಬಳಕಾಯಿ ಒಡೆದ ದಿನ, ಶ್ವೇತ, ಹತ್ತೊಂಬತ್ತು ಡಿಗ್ರಿ. ಮೂರು ವಾರದಿಂದ ಬಚ್ಚಿಟ್ಟಿದ್ದೆ ಅನ್ನೋದನ್ನೂ ಹೇಳಿದೆ.

ಇವರು ಲಾಳ ಕೈಗೆ ತಗೊಂಡರು. ತಿರುಗಿಸಿ ನೋಡಿದರು. ಭುಜ ಅಲುಗಾಡೋಕೆ ಶುರುವಾಯಿತು. 

ನಗ್ತಿದ್ದಾರೋ ಅಳ್ತಿದ್ದಾರೋ ಗೊತ್ತಾಗಲಿಲ್ಲ. ದನಿ ಇದ್ದಿದ್ದರೆ ಗೊತ್ತಾಗ್ತಿತ್ತು. ಕತ್ತಿನ ತೂತಿಂದ ಬುಸ್ ಬುಸ್ ಅಂತ ಗಾಳಿ ಮಾತ್ರ.

ಸ್ಲೇಟು ತಗೊಂಡು ಬರೆದರು: ನಾನು ನಿದ್ದೆ ಮಾಡಿರಲಿಲ್ಲ.

ಒರೆಸಿ ಮತ್ತೆ ಅದನ್ನೇ ಬರೆದರು. ಮೂರನೇ ಸಲ ಬರೆದು ಕೆಳಗೆ ಗೆರೆ ಎಳೆಯುವಾಗ ಬಳಪ ಮುರೀತು.

"ಬೈರಿ" ಅಂದೆ. "ಹೊಡೀರಿ ಬೇಕಾದ್ರೆ."

ಬಳಪದ ಚೂರಲ್ಲಿ ಬರೆದರು: ಮುಂಚೆ ಹೇಳಿದ್ದರೆ ಬೈತಿದ್ದೆ.

ನನಗೆ ತಡೆಯೋಕಾಗಲಿಲ್ಲ. ಮಂಚದ ಕಾಲು ಹಿಡ್ಕೊಂಡು ಅತ್ತೆ. ಯಾವ ದನಿಗೆ ಹೆದರಿ ಬಾಯಿ ಮುಚ್ಚಿಕೊಂಡಿದ್ದೆನೋ, ಆ ದನಿ ಇವತ್ತು ಇದ್ದಿದ್ದರೆ ಊರೆಲ್ಲ ಕೇಳೋ ಹಾಗೆ ಬೈಸಿಕೊಳ್ತಿದ್ದೆ. ಖುಷಿಯಾಗಿ ಬೈಸಿಕೊಳ್ತಿದ್ದೆ.

ನಾಳೆ ಬೆಳಿಗ್ಗೆ ಟೇಕಲ್ಲಿಗೆ ಹೋಗಿ ಕದಿರೇಶನಿಗೆ ಹೇಳಿಬರ್ತೀನಿ ಅಂತ ಎದ್ದೆ. ಇವರು ಮಣಿಕಟ್ಟು ಹಿಡಿದರು. ಇಷ್ಟು ಶಕ್ತಿ ಎಲ್ಲಿತ್ತೋ. ಬರೆದರು: ಬೇಡ. ಅವನ ಕಾಲು ನಿನ್ನ ತಲೆ ಮೇಲೆ ಬರೋದು ಬೇಡ. ಆರು ವರ್ಷ ಹೊತ್ತಿದ್ದೀನಿ. ಅಭ್ಯಾಸ ಆಗಿದೆ.

"ಅದು ಸುಳ್ಳಾಗುತ್ತಲ್ರೀ" ಅಂದೆ.

ಮಾನಸನ ಆಣೆ, ಅಂತ ಬರೆದರು.

ಸೆಪ್ಟೆಂಬರ್ 28, ಭಾನುವಾರ

ದೋಣಿ ಹೋಯಿತು. ಉದ್ದನೆ ಲಾರಿ, ಕ್ರೇನು. ಕ್ರೇನಿನವನು ಪಟ್ಟಿಯನ್ನ ತಪ್ಪು ಜಾಗಕ್ಕೆ ಹಾಕ್ತಿದ್ದ. "ಅಲ್ಲಿ ಅಲ್ಲಪ್ಪ, ಚುಕ್ಕಾಣಿ ಮುರಿಯುತ್ತೆ, ಸೀಸದ ತೂಕಕ್ಕಿಂತ ಹಿಂದಕ್ಕೆ ಒಂದು, ಮುಂದಕ್ಕೆ ಒಂದು ಹಾಕು" ಅಂತ ಕೂಗಿ ಹಾಕಿಸಿದೆ. ಲಾರಿ ಮೇಲೆ ಹಾಯಿಕಂಬ ಕಟ್ಟಿದ ಗಂಟು ಸಡಿಲ ಇತ್ತು, ನಾನೇ ಬಿಚ್ಚಿ ಕಟ್ಟಿದೆ. ಶ್ವೇತ ನನ್ನನ್ನೇ ನೋಡ್ತಿದ್ದಳು. "ಸರ್‌ಗೆ ಹೇಳಿದೆ ಕಣಮ್ಮ" ಅಂದೆ. "ಕದಿರೇಶ್ ಸರ್‌ಗೆ?" ಅಂದಳು. ಇನ್ನೊಂದು ಗಂಟು ಇದೆ ನೋಡು ಅಂದೆ.

ಇವರನ್ನ ಕುರ್ಚಿಯಲ್ಲಿ ಹೊರಗೆ ಕೂರಿಸಿದ್ವಿ. ಲಾರಿ ನರಸಾಪುರದ ರಸ್ತೆಗೆ ತಿರುಗೋವರೆಗೂ ನೋಡಿದರು. ಆಮೇಲೆ ಒಳಗೆ ಹೋಗೋಣ ಅಂತ ಕೈ ತೋರಿಸಿದರು. ಹುಳುಮನೆ ಖಾಲಿ ಖಾಲಿ. ಗುಡಿಸೋಕೆ ಮನಸ್ಸಾಗಲಿಲ್ಲ ನನಗೆ.

ಅಕ್ಟೋಬರ್ 5, ಭಾನುವಾರ

ಕದಿರೇಶ ಬಂದಿದ್ದ.

ಹನ್ನೊಂದು ಗಂಟೆಗೆ ಆಟೋ ನಿಂತ ಸದ್ದು. ಮೊದಲು ಕೋಲು ಇಳೀತು, ಆಮೇಲೆ ಕಟ್ಟುಕಾಲು. ಕೂದಲೆಲ್ಲ ಬೆಳ್ಳಗಾಗಿದೆ. "ಚೆನ್ನಾಗಿದ್ದೀರಾ ಅತ್ತಿಗೆ?" ಅಂದ. ನನ್ನ ಕಣ್ಣು ಆ ಕಾಲು ಬಿಟ್ಟು ಮೇಲೆ ಏಳಲಿಲ್ಲ.

ಇವರ ಮಂಚದ ಪಕ್ಕ ಕೂತು ತುಂಬ ಹೊತ್ತು ಕತ್ತಿನ ಬಟ್ಟೆ ನೋಡಿದ. ಆಮೇಲೆ ಅಂದ: "ಲೇ ಉಮಾ. ಆಸ್ಪತ್ರೆಗೆ ಹೋಗೋ ಹಿಂದಿನ ದಿನ ಫೋನ್ ಮಾಡಿದ್ದೆಯಲ್ಲ. ದನಿ ಕೇಳಿ ಕಟ್ ಮಾಡಿಬಿಟ್ಟೆ ಕಣೋ. ಆಪರೇಷನ್ ಅಂತ ನನಗೆ ಗೊತ್ತಿರಲಿಲ್ಲ. ಮೊನ್ನೆ ಸಂತೆಯಲ್ಲಿ ಯಾರೋ ಹೇಳಿದ್ರು. ಅವತ್ತಿಂದ ಅನ್ನ ಇಳೀತಿಲ್ಲ. ಏನೋ ಹೇಳೋಕೆ ಬಂದಿದ್ದೆಯಲ್ಲ, ಏನ್ಲಾ ಅದು?"

ಇವರು ಸ್ಲೇಟಿಗೆ ಕೈ ಚಾಚಿದರು. ನಾನೇ ಕೊಟ್ಟೆ. ನಿಧಾನವಾಗಿ ಬರೆದರು, ತುಂಬ ಹೊತ್ತು. ಬರೆದು ಅವನ ಕೈಗೆ ಕೊಟ್ಟರು.

ಅವನು ಹತ್ತಿರ ಹಿಡಿದ, ದೂರ ಹಿಡಿದ. "ಕನ್ನಡಕ ತಂದಿಲ್ಲ ಅತ್ತಿಗೆ. ನೀವೇ ಓದಿ" ಅಂತ ನನ್ನ ಕಡೆ ಚಾಚಿದ.

ಇವರು ನನ್ನನ್ನ ನೋಡಿದರು. ಕಣ್ಣು ರೆಪ್ಪೆ ಹೊಡೀಲಿಲ್ಲ. ಬಾಗಿಲಲ್ಲಿ ಮಾನಸ ಕಾಫಿ ತಟ್ಟೆ ಹಿಡಿದು ನಿಂತಿದ್ದಳು. ನಾನು ಇದ್ದದ್ದು ಇದ್ದ ಹಾಗೆ ಓದಿದೆ, ಜೋರಾಗಿ:

"ಅವತ್ತು ನನಗೆ ನಿದ್ದೆ ಬಂದಿತ್ತು. ನೀನು ಹೇಳಿದ್ದು ಸರಿ. ತಪ್ಪು ನನ್ನದು ಕದಿರಾ. ಕ್ಷಮಿಸು."

ಅವನು ಅತ್ತುಬಿಟ್ಟ. ಇವರ ಎರಡೂ ಕೈ ಹಿಡಿದು ಹಣೆಗೆ ಒತ್ತಿಕೊಂಡ. "ಸಾಕು ಬಿಡೋ. ಇದೊಂದು ಮಾತಿಗೆ ಆರು ವರ್ಷ ಕಾದೆ ಕಣೋ. ಕುಡಿದಿದ್ದ ಅಂತ ಊರೆಲ್ಲ ಹೇಳಿದೆನಲ್ಲೋ ನಾನು. ಬರೀ ನಿದ್ದೆ ಕಣೋ. ಯಾರಿಗೆ ಬರಲ್ಲ ನಿದ್ದೆ?" ಇವರು ಅವನ ಬೆನ್ನು ಸವರುತ್ತಿದ್ದರು. ಇವರ ಮುಖ ಹಾಗೆ ಹಗುರಾಗಿದ್ದನ್ನ ನಾನು ವರ್ಷಗಳಿಂದ ನೋಡಿರಲಿಲ್ಲ.

ಊಟ ಮಾಡ್ಕೊಂಡು ಹೋದ. ಮುಂದಿನ ಭಾನುವಾರವೂ ಬರ್ತಾನಂತೆ. ಆಟೋವರೆಗೆ ಬಿಡೋಕೆ ಹೋದೆ. ಹತ್ತುವಾಗ ನನ್ನ ಭುಜ ಹಿಡ್ಕೊಂಡ, ಕಟ್ಟುಕಾಲು ಎತ್ತಿ ಒಳಗಿಡೋಕೆ ಅವನಿಗೆ ಕಷ್ಟ. ನಾನೇ ಎತ್ತಿ ಇಟ್ಟೆ.

"ನೀವು ಪುಣ್ಯ ಮಾಡಿದ್ರಿ ಅತ್ತಿಗೆ" ಅಂದ. "ತಪ್ಪು ಒಪ್ಕೊಳ್ಳೋಕೆ ಗಂಡೆದೆ ಬೇಕು."

"ಹೂಂ" ಅಂದೆ.